ಮೈಗ್ರೇನ್ ಬಂದಾಗ ಹಲ್ಲೂ ನೋಯುವುದೇಕೆ?

ತಲೆನೋವು ಬಂದಾಗಲೆಲ್ಲ ಮೇಲಿನ ದವಡೆ ಹಲ್ಲೂ ನೋಯುತ್ತದೆ, ಎಕ್ಸ್-ರೇಯಲ್ಲಿ ಮಾತ್ರ ಏನೂ ಇಲ್ಲ ಅಂದಿದ್ದೀರಿ. ಹೌದು, ಹೀಗಾಗುವುದುಂಟು.

ಮುಖದ ನೋವನ್ನು ಮಿದುಳಿಗೆ ಮುಟ್ಟಿಸುವುದು ಟ್ರೈಜೆಮಿನಲ್ ಅನ್ನೋ ನರ. ಅದಕ್ಕೆ ಮೂರು ಕವಲು: ಒಂದು ಹಣೆ-ಕಣ್ಣಿಗೆ, ಇನ್ನೊಂದು ಕೆನ್ನೆ ಮತ್ತು ಮೇಲಿನ ಹಲ್ಲುಗಳಿಗೆ, ಮತ್ತೊಂದು ಕೆಳದವಡೆಗೆ. ಮಿದುಳಿನ ಹೊದಿಕೆಯ ನೋವೂ ಜಾಸ್ತಿ ಇದೇ ನರದಲ್ಲಿ ಬರುತ್ತದೆ. ಎಲ್ಲವೂ ಮಿದುಳಿನ ಬುಡದ ಮಿದುಳುಕಾಂಡದಲ್ಲಿ ಒಂದೇ ಜಾಗಕ್ಕೆ ಬಂದು ಸೇರುವಾಗ, ಹೊರಟದ್ದು ಎಲ್ಲಿಂದ ಅನ್ನೋದು ಕಲಸಿಹೋಗುತ್ತದೆ. ತಲೆ ನೋಯದೆ ಬರೀ ಮುಖದಲ್ಲೇ ಬರುವ ಮೈಗ್ರೇನೂ ಇದೆ. 2020ರ ಮುಖ-ಬಾಯಿ ನೋವಿನ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾರೆ.

ಗುರುತಿಸೋದು ಹೇಗೆ? ತಣ್ಣೀರು ತಾಗಿದರೆ ಜುಮ್ಮೆನ್ನುವುದು, ಒಂದೇ ಹಲ್ಲಲ್ಲಿ ಚಕ್ಕುಲಿ ಕಡಿದಾಗ ಜೀವ ಹೋಗುವುದು, ಇವು ಹೆಚ್ಚಾಗಿ ಹಲ್ಲಿನದೇ ತಕರಾರು. ಅದೇ ನೋವು 4ರಿಂದ 72 ಗಂಟೆ ಇದ್ದು ತಾನೇ ಇಳಿದರೆ, ಜೊತೆಗೆ ವಾಕರಿಕೆ ಬಂದರೆ, ಟ್ಯೂಬ್‌ಲೈಟ್ ಬೆಳಕೂ ಬೇಡವೆನಿಸಿದರೆ ಮೈಗ್ರೇನ್ ಅನುಮಾನ ಪಡಬಹುದು. ಉಲ್ಟಾನೂ ಆಗುತ್ತದೆ: ರಾತ್ರಿ ಹಲ್ಲು ಕಡಿಯುವವರಿಗೆ, ದವಡೆ ಕೀಲು ನೋಯುವವರಿಗೆ ಮೈಗ್ರೇನ್ ಜಾಸ್ತಿಯಾಗಬಹುದು.

ನನ್ನ ಸಲಹೆ: ಎಕ್ಸ್-ರೇ ಸರಿಯಿದ್ದರೆ ಸುಮ್ನೆ ರೂಟ್ ಕೆನಾಲ್‌ಗೆ ಒಪ್ಪಬೇಡಿ. ನೋವು ಬಂದ ದಿನ, ಗಂಟೆ ಬರೆದಿಟ್ಟು ನರರೋಗ ತಜ್ಞರಿಗೆ ತೋರಿಸಿ. ಆದರೆ ಕೆನ್ನೆ ಊದಿ ಜ್ವರ ಬಂದರೆ ಅಂದೇ ಡೆಂಟಿಸ್ಟ್ ಹತ್ತಿರ ಹೋಗಿ. 50 ದಾಟಿದವರಿಗೆ ಹೊಸದಾಗಿ ತಲೆನೋವು ಶುರುವಾಗಿ, ಅಗಿಯುವಾಗ ದವಡೆ ಸೋತರೆ ತಡಮಾಡಬೇಡಿ, ಅದು ಕಣ್ಣಿಗೇ ಕುತ್ತು ತರುವ ರಕ್ತನಾಳದ ಉರಿಯೂತವಿರಬಹುದು.