ಎರಡನೇ ಸಲ ರಕ್ತ ಕೊಡಲು ಒಪ್ಪದಿದ್ದರೆ

ಯಾದಗಿರಿ ಕಡೆಯ ಲಂಬಾಣಿ ತಾಂಡಾದಲ್ಲಿ ರಕ್ತಹೀನತೆ ಸಮೀಕ್ಷೆಗೆ ಮೊದಲ ಸಲ ರಕ್ತ ಕೊಟ್ಟ ಹೆಣ್ಣುಮಕ್ಕಳು ಈಗ ಬಾಗಿಲೇ ತೆಗೆಯುತ್ತಿಲ್ಲ ಅಂದಿದ್ದೀರಿ. ಮೊದಲ ಸಲದ ರಿಪೋರ್ಟ್ ಅವರ ಕೈಗೆ ಕೊಟ್ಟಿದ್ದೀರಾ? ಬಹುತೇಕ ಕಡೆ ಗಂಟು ಬೀಳುವುದು ಅಲ್ಲೇ. ರಕ್ತ ಹೋಯಿತು, ಮರಳಿ ಏನೂ ಬರಲಿಲ್ಲ. ಆಮೇಲೆ ಯಾರಾದರೂ 'ರಗತ ಒಯ್ದು ಮಾರ್ತಾರ' ಅಂದರೆ ನಂಬದೆ ಇನ್ನೇನು ಮಾಡುತ್ತಾರೆ?

ಈ ಸಲ ಸಿರಿಂಜ್ ಇಲ್ಲದೆ ಹೋಗಿ. ಒಬ್ಬೊಬ್ಬರಿಗೂ ಅವರ ಹಿಮೋಗ್ಲೋಬಿನ್ ಬರೆದ ಚೀಟಿ ಕೊಟ್ಟು, ಗುಟ್ಟಾಗಿ, ಬಾಯಲ್ಲೇ ಹೇಳಿ: ಬಸುರಿಯಲ್ಲದವರಿಗೆ ಡೆಸಿಲೀಟರಿಗೆ 12 ಗ್ರಾಂ, ಬಸುರಿಗೆ 11 ಇರಬೇಕು. ಬಸುರಿಯಲ್ಲದವರಲ್ಲಿ 8ರ ಕೆಳಗೆ, ಬಸುರಿಯರಲ್ಲಿ 7ರ ಕೆಳಗೆ ಬಂದವರು ತೀವ್ರ ರಕ್ತಹೀನತೆಯವರು. ಅವರನ್ನು ಚೀಟಿ ಕೊಟ್ಟು ಕೈಬಿಡಬೇಡಿ, ಆಸ್ಪತ್ರೆಗೆ ತಲುಪಿಸಿ. ತೆಗೆಯುವುದು 3 ಎಂಎಲ್ ಆದರೆ ಅಷ್ಟೇ ನೀರನ್ನು ಟ್ಯೂಬಿನಿಂದ ಚಹಾ ಚಮಚಕ್ಕೆ ಸುರಿದು ತೋರಿಸಿ. ಚಮಚ ತುಂಬುವುದಿಲ್ಲ. ಪರೀಕ್ಷೆ ಮುಗಿದು ಉಳಿದ ರಕ್ತ ಎಲ್ಲಿ, ಎಷ್ಟು ದಿನ ಇರುತ್ತದೆ ಅನ್ನುವುದನ್ನೂ ಕೇಳುವ ಮೊದಲೇ ಹೇಳಿಬಿಡಿ.

ಒಪ್ಪಿಗೆ ಪತ್ರವನ್ನು ಲಂಬಾಣಿಯಲ್ಲಿ ಓದಿ ಹೇಳುವವರು ಬೇಕು. ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡಕ್ಕೆ ಸೇರದ ಸಾಕ್ಷಿ ಇರಲೇಬೇಕು. ಆಶಾ ಕಾರ್ಯಕರ್ತೆಯಿಂದ ಒತ್ತಾಯ ಮಾಡಿಸಬೇಡಿ. ಒಲ್ಲೆ ಅಂದರೆ ಬಸುರಿ-ಬಾಣಂತಿಯರ ತಾಯಿ ಕಾರ್ಡಿನ ಸೌಲಭ್ಯ ನಿಂತೀತು ಎಂಬ ಅಂಜಿಕೆಯಲ್ಲಿ ಬಂದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ತಾಂಡಾದ ನಾಯಕ ಹೂಂ ಅಂದರೆ ಊರೊಳಗೆ ಬರಬಹುದು, ಅಷ್ಟೇ. ತೋಳು ಚಾಚುವವಳ ಮಾತು ಬೇರೆ.

ಹತ್ತಿ ಬಿಡಿಸುವ, ತೊಗರಿ ಕೊಯ್ಯುವ ದಿನಗಳಲ್ಲಿ ಹಗಲು ಹೋದರೆ ಮುದುಕರಷ್ಟೇ ಸಿಗುತ್ತಾರೆ. ಸಂಜೆ ಹೋಗಿ. ಕೂಲಿ ತಪ್ಪಿದರೆ ಆ ದಿನದ ಹಣ ಕೊಡಿ, ಆದರೆ ನಿಮ್ಮ ಸಮೀಕ್ಷೆಗೆ ಅನುಮತಿ ಕೊಟ್ಟ ನೈತಿಕ ಸಮಿತಿ ಒಪ್ಪಿದಷ್ಟೇ.