ದೋಹಾಕ್ಕೆ ಬಂದ್ಮೇಲೆ ಪ್ರಾರ್ಥನೆ ಒಣಗಿ ಹೋಯ್ತು ಅಂದ ತೀರ್ಥಹಳ್ಳಿ ಕಡೆ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಓದಿದೆ. ತೀರ್ಥಹಳ್ಳಿ ಕಡೆಯವನು, ದೋಹಾಕ್ಕೆ ಬಂದು ನಾಲ್ಕು ತಿಂಗಳಾಯ್ತು, ಇಂಡಸ್ಟ್ರಿಯಲ್ ಏರಿಯಾದ ಕ್ಯಾಂಪಲ್ಲಿ ರೂಮು. ಊರಲ್ಲಿದ್ದಾಗ ದಿನಾ ಸಂಜೆ ಮನೇಲಿ ಮಣಿ ಎಣಿಸ್ಕೊಂಡು ಮರಿಯಮ್ಮನವರ ಜಪಸರ, ಭಾನುವಾರ ತಪ್ಪದೆ ಚರ್ಚಲ್ಲಿ ಪೂಜೆ, ಇಲ್ಲಿ ಬಂದ್ಮೇಲೆ ಒಂದೇ ಒಂದು ಸಲ ಚರ್ಚಿಗೆ ಹೋಗಿದ್ದು, ಈಗ ಪ್ರಾರ್ಥನೆಗೆ ಕೂತ್ರೂ ಒಳಗೆ ಏನೂ ಅನ್ಸಲ್ಲ. "ನನ್ನ ನಂಬಿಕೆ ಹೋಗ್ಬಿಡ್ತಾ ಅಣ್ಣಾ, ನೀವು ಇಷ್ಟು ವರ್ಷ ಇಲ್ಲಿ ಹೆಂಗೆ ಉಳಿಸ್ಕೊಂಡ್ರಿ, ಅಮ್ಮ ಫೋನಲ್ಲಿ ಪೂಜೆಗೆ ಹೋದ್ಯಾ ಅಂತ ಕೇಳಿದ್ರೆ ಎಂತ ಹೇಳ್ಲಿ" ಅಂತ ಕೇಳಿದೀಯ. ನಿನ್ನ ಹಾಗೆ ಕೇಳೋರು ಬೇರೆಯವ್ರೂ ಇದಾರೆ, ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೀತೀನಿ, ಡ್ಯೂಟಿ ಮುಗಿಸಿ ನಿಧಾನಕ್ಕೆ ಓದು.

ನಂಬಿಕೆ ಹೋಗಿಲ್ಲ ಮಾರಾಯ. ಹೋಗಿದ್ರೆ ಅದು ಹೋಯ್ತು ಅಂತ ಇಷ್ಟು ಸಂಕಟ ಆಗ್ತಿರ್ಲಿಲ್ಲ. ಆದ್ರೆ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ, ಊರಲ್ಲಿ ನಿನ್ನ ನಂಬಿಕೆನ ಅರ್ಧಕ್ಕರ್ಧ ಬೇರೆಯವರೇ ಎತ್ಕೊಂಡು ನಡೀತಿದ್ರು. ಸಂಜೆ ದೀಪ ಹಚ್ಚಿದ ಕೂಡ್ಲೇ ಅಮ್ಮ ಜಪಸರ ಶುರು ಮಾಡೋರು, ನೀನು ಮೊಣಕಾಲೂರಿ ಅರ್ಧ ನಿದ್ದೇಲಿ ಉತ್ತರ ಹೇಳಿದ್ರೂ ಹತ್ತತ್ತು ಮಣಿಯ ಐದು ರಹಸ್ಯ ಮುಗೀತಿತ್ತು. ಒಂದು ವಾರ ಚರ್ಚಲ್ಲಿ ಕಾಣ್ಲಿಲ್ಲ ಅಂದ್ರೆ ನಮ್ಮ ವಾರ್ಡಿನ ಕ್ರೈಸ್ತ ಮನೆಗಳನ್ನ ನೋಡ್ಕೊಳ್ಳೋ ಗುರ್ಕಾರರು ದಾರೀಲಿ ನಿಲ್ಸಿ ಕೇಳೋರು, ಹುಷಾರಿಲ್ವಾ ಅಂತ. ಸೆಪ್ಟೆಂಬರಲ್ಲಿ ತೆನೆ ಹಬ್ಬ ಬಂತು ಅಂದ್ರೆ ಒಂಬತ್ತು ದಿನ ಮಕ್ಕಳೆಲ್ಲ ಮಳೇಲಿ ನೆನ್ಕೊಂಡು ಬೇಲಿ ಬೇಲಿ ಹುಡುಕಿ ಹೂವು ತಂದು ದೇವಮಾತೆಗೆ ಹಾಕೋದು, 8ನೇ ತಾರೀಖು ಆಶೀರ್ವಾದ ಮಾಡಿದ ಹೊಸ ತೆನೆ ಮನೆಗೆ ತಂದು ಅದರ ಕಾಳು ಸುಲಿದು ಎಲ್ರಿಗೂ ಕೊಡೋದು. ಅದೆಲ್ಲ ಸುಳ್ಳು ಭಕ್ತಿ ಅಂತ ನಾನು ಹೇಳ್ತಿಲ್ಲ, ಬಹಳ ದೊಡ್ಡ ವರ ಅದು, ನಮ್ಮನ್ನ ಬೆಳೆಸಿದ್ದೇ ಅದು. ಆದ್ರೆ ಇಲ್ಲಿ ಆ ಯಾವ ಕೈನೂ ಇಲ್ಲ. ನೀನು ಪೂಜೆಗೆ ಹೋಗ್ಲಿಲ್ಲ ಅಂದ್ರೆ ಕೇಳೋರು ಯಾರೂ ಇಲ್ಲ, ಹೋದ್ರೂ ನೋಡೋರು ಯಾರೂ ಇಲ್ಲ. ಈಗ ನಿನ್ನ ಕಾಲಲ್ಲೇ ನೀನು ನಡೀಬೇಕು, ಮೊದಮೊದಲು ಕಾಲು ನೋಯುತ್ತೆ, ಅದನ್ನ ನೀನು ನಂಬಿಕೆ ಹೋಯ್ತು ಅಂತ ತಿಳ್ಕೊಂಡಿದೀಯ ಅಷ್ಟೆ.

ಮೊದಲು ಇಲ್ಲಿನ ವಿಷಯ ಹೇಳ್ಬಿಡ್ತೀನಿ. ಇಲ್ಲಿ ವಾರದ ರಜೆ ಶುಕ್ರವಾರ, ಭಾನುವಾರ ಕೆಲಸದ ದಿನ, ಹಾಗಾಗಿ ಭಾನುವಾರದ ಪೂಜೆನೇ, ಅದೇ ಬೈಬಲ್ ವಾಚನಗಳ ಸಮೇತ, ಶುಕ್ರವಾರ ನಡೆಯುತ್ತೆ. ಅದು ಕಮ್ಮಿ ಪೂಜೆ ಅಲ್ಲ, ಮನಸ್ಸಲ್ಲಿ ಸಂಶಯ ಇಟ್ಕೋಬೇಡ. ನಮ್ಮ ಜಪಮಾಲೆ ಮಾತೆ ಚರ್ಚು ಮೆಸೈಮೀರ್ ಕಡೆ, ಬೇರೆ ಸಭೆಗಳ ಚರ್ಚುಗಳೂ ಅದೇ ಕಾಂಪೌಂಡಲ್ಲಿವೆ. ಹೊರಗಿಂದ ನೋಡಿದ್ರೆ ಶಿಲುಬೆ ಇಲ್ಲ, ಗಂಟೆ ಇಲ್ಲ, ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚು ನೋಡಿದ ಕಣ್ಣಿಗೆ ಇದು ಚರ್ಚಾ ಅನ್ಸುತ್ತೆ. ಗೇಟಲ್ಲಿ ಸೆಕ್ಯುರಿಟಿಯವರು ಬ್ಯಾಗ್ ಚೆಕ್ ಮಾಡ್ತಾರೆ, ಅವ್ರ ಕೆಲ್ಸ ಅದು, ಬೇಜಾರು ಮಾಡ್ಕೋಬೇಡ. ಒಳಗೆ ಹೋಗಿ ನೋಡು, ಫಿಲಿಪೀನ್ಸಿನ ಮನೆಗೆಲಸದ ಹೆಣ್ಮಕ್ಕಳು, ಕೇರಳದ ನರ್ಸುಗಳು, ತಮಿಳ್ನಾಡು, ಶ್ರೀಲಂಕಾ, ಗೋವಾ, ಲೆಬನಾನ್, ಆಫ್ರಿಕಾದವರು, ಒಳಗೆ ಜಾಗ ಸಾಲದೆ ಹೊರಗೆ ನಿಂತು ಪೂಜೆ ಕೇಳೋ ಜನ. 2008ರ ಮಾರ್ಚಲ್ಲಿ ಆ ಚರ್ಚಿನ ಪ್ರತಿಷ್ಠೆ ಆಗಿದ್ದು, ಕತಾರಿನ ದೊರೆ ಆಗಿನ ಅಮೀರರು ಜಾಗ ಕೊಟ್ರು. ನಾನು ಈ ದೇಶಕ್ಕೆ ಬಂದಾಗ ಅದು ಇರ್ಲಿಲ್ಲ, ಮನೆಗಳಲ್ಲಿ ಅಲ್ಲಿ ಇಲ್ಲಿ ಸೇರ್ತಿದ್ವಿ. ಆಗ ಒಬ್ಬೊಬ್ರೂ ಅದಕ್ಕೆ ಪಟ್ಟ ಪಾಡು ನೋಡಿರೋದ್ರಿಂದ ನನಗೆ ಇವತ್ತಿಗೂ ಆ ಬಾಗಿಲು ದಾಟೋವಾಗ ಕಣ್ಣು ತುಂಬುತ್ತೆ.

ಕನ್ನಡ ಪೂಜೆ ಸಿಕ್ಕಿದ್ರೆ ಮಾತ್ರ ಹೋಗ್ತೀನಿ ಅಂತ ಕೂರ್ಬೇಡ. ಇಂಗ್ಲಿಷಾಗ್ಲಿ ಮಲಯಾಳಂ ಆಗ್ಲಿ, ಪೂಜೆಯ ಕ್ರಮ ಒಂದೇ, ಯಾವಾಗ ಏನು ನಡೀತಿದೆ ಅಂತ ಚಿಕ್ಕಂದಿನಿಂದ ನಿನಗೆ ಗೊತ್ತು, ಅವತ್ತಿನ ವಾಚನಗಳನ್ನ ಹಿಂದಿನ ರಾತ್ರಿ ಮೊಬೈಲಲ್ಲಿ ಕನ್ನಡದಲ್ಲಿ ಓದ್ಕೊಂಡು ಹೋಗು, ಸಾಕು. ಪೂಜೆ ಸಮಯ ಚರ್ಚಿನ ವೆಬ್‌ಸೈಟಲ್ಲೇ ನೋಡು, ರಂಜಾನ್ ತಿಂಗಳಲ್ಲಿ ಬದಲಾಗುತ್ತೆ.

ಶುಕ್ರವಾರ ಡ್ಯೂಟಿ ಹಾಕ್ತಾರೆ ಅಂದ್ಯಲ್ಲ. ಇಲ್ಲಿನ ಕಾರ್ಮಿಕ ಕಾನೂನು 2004ರದ್ದು, ಅದರ ಪ್ರಕಾರ ವಾರಕ್ಕೆ ಮಾಮೂಲಿ ಕೆಲಸ 48 ಗಂಟೆ, ರಂಜಾನಲ್ಲಿ 36, ಜೊತೆಗೆ ವಾರಕ್ಕೆ ಸತತ 24 ಗಂಟೆ ಸಂಬಳ ಸಮೇತ ರಜೆ, ಆ ರಜೆ ಶುಕ್ರವಾರನೇ, ಶಿಫ್ಟಿನವರಿಗೆ ಮಾತ್ರ ಬೇರೆ ದಿನ ಆಗ್ಬಹುದು. ಹಾಗಾಗಿ ಜಗಳ ಮಾಡ್ಬೇಡ, ಸೂಪರ್‌ವೈಸರ್ ಹತ್ರ ಮರ್ಯಾದೆಯಿಂದ ಕೇಳು, ಈದ್ ದಿನ ನಾನು ಡ್ಯೂಟಿ ಮಾಡ್ತೀನಿ, ಶುಕ್ರವಾರ ಬೆಳಿಗ್ಗೆ ಬಿಡಿ ಅಂತ. ನಮ್ಮ ಹುಡುಗ್ರು ಎಷ್ಟೋ ಜನ ಜೊತೆ ಕೆಲ್ಸ ಮಾಡೋ ಮುಸ್ಲಿಂ ಗೆಳೆಯರ ಜೊತೆ ಹೀಗೇ ಹೊಂದಾಣಿಕೆ ಮಾಡ್ಕೊಂಡಿದಾರೆ, ಅವರು ಪ್ರಾರ್ಥನೆಯ ಬೆಲೆ ಗೊತ್ತಿರೋ ಜನ, ಪೂಜೆಗೆ ಹೋಗ್ಬೇಕು ಅಂದ್ರೆ ಅರ್ಥ ಮಾಡ್ಕೋತಾರೆ. ಎಷ್ಟು ಕೇಳಿದ್ರೂ ಬಿಡ್ಲಿಲ್ಲ ಅಂದ್ರೆ ಅದು ನಿನ್ನ ಪಾಪ ಅಲ್ಲ, ಧರ್ಮಸಭೆನೂ ಹಾಗನ್ನಲ್ಲ. ಆ ವಾರ ಬಸ್ಸಲ್ಲಿ ಕೂತು ಅವತ್ತಿನ ಶುಭಸಂದೇಶ ಓದು, ಮನಸ್ಸಲ್ಲೇ ಪ್ರಭುವನ್ನ ಕರೆದು ಸ್ವೀಕರಿಸು. ಕ್ರಿಸ್ಮಸ್ಸಿಗೆ ಇಲ್ಲಿ ರಜೆ ಇಲ್ಲ, ಈಸ್ಟರ್ ಭಾನುವಾರನೂ ಕೆಲಸದ ದಿನ, ಮೊದಲ ವರ್ಷ ಅದು ಬಹಳ ಚುಚ್ಚುತ್ತೆ, ಈಗಲೇ ಹೇಳಿರ್ತೀನಿ.

ಈಗ ನಿನ್ನ ನಿಜವಾದ ಪ್ರಶ್ನೆ, ಏನೂ ಅನ್ಸಲ್ಲ ಅನ್ನೋದು.

ಅನ್ಸೋತನಕ ಕಾಯ್ಬೇಡ ತಮ್ಮಾ. ನಾನು ಇಲ್ಲಿ ನೋಡಿದ ಹಾಗೆ ನಂಬಿಕೆ ಬಿಟ್ಟು ಹೋದೋರು ಯಾರೂ ಒಂದು ದಿನ ಕೂತು ಯೋಚ್ನೆ ಮಾಡಿ ದೇವರು ಬೇಡ ಅಂತ ತೀರ್ಮಾನ ಮಾಡಿ ಬಿಟ್ಟಿಲ್ಲ, ಇವತ್ತು ಸುಸ್ತು, ನಾಳೆ ಮನಸ್ಸಿಟ್ಟು ಮಾಡ್ತೀನಿ, ಈ ಶುಕ್ರವಾರ ಬಟ್ಟೆ ಒಗೆಯೋದಿದೆ, ಮುಂದಿನ ವಾರ ಹೋಗ್ತೀನಿ, ಹೀಗೇ ಬಿಟ್ಟಿದ್ದು. ಉಳ್ಕೊಂಡೋರೂ ದೊಡ್ಡ ಅನುಭವ ಆಗಿ ಉಳ್ಕೊಂಡಿದ್ದಲ್ಲ, ಒಂದು ಚಿಕ್ಕ ಪ್ರಾರ್ಥನೆ ಹಿಡ್ಕೊಂಡು ಅದನ್ನ ಬಿಡ್ಲಿಲ್ಲ ಅಷ್ಟೆ.

ಸ್ಪೇನಿನ ಆವಿಲಾದ ಸಂತ ತೆರೇಸಾ ಗೊತ್ತಲ್ಲ, 1515ರಲ್ಲಿ ಹುಟ್ಟಿದ ತಾಯಿ, ಪ್ರಾರ್ಥನೆ ವಿಷಯದಲ್ಲಿ ಧರ್ಮಸಭೆಗೇ ಗುರು ಅನ್ನಿಸ್ಕೊಂಡವರು. ಅವರೇ ಬರ್ಕೊಂಡಿದಾರೆ, ಎಷ್ಟೋ ವರ್ಷ ಪ್ರಾರ್ಥನೆಗೆ ಕೂತಾಗ ಮನಸ್ಸೆಲ್ಲ ಯಾವಾಗ ಗಂಟೆ ಹೊಡೆಯುತ್ತೋ, ಯಾವಾಗ ಈ ಹೊತ್ತು ಮುಗಿಯುತ್ತೋ ಅಂತ ಅದರ ಮೇಲೇ ಇರ್ತಿತ್ತಂತೆ. ಆದ್ರೂ ಎದ್ದು ಹೋಗ್ಲಿಲ್ಲ. ಅಂಥವರಿಗೇ ಹಾಗಾಗಿದ್ದ ಮೇಲೆ ಹನ್ನೆರಡು ಗಂಟೆ ಬಿಸಿಲಲ್ಲಿ ದುಡಿದು ಬಂದ ನಿನಗೆ ಒಣ ಒಣ ಅನ್ಸಿದ್ರೆ ಅದರಲ್ಲಿ ಆಶ್ಚರ್ಯ ಎಂತದೂ ಇಲ್ಲ. ಆ ಒಣ ಹೊತ್ತಲ್ಲಿ ನೀನು ಕೂತಿದ್ದನ್ನ ದೇವರು ನೋಡ್ತಾನೆ, ಏನು ಅನ್ನಿಸ್ತು ಅಂತ ಲೆಕ್ಕ ಹಾಕಲ್ಲ, ಇದನ್ನ ನಾನು ಪೂರ್ತಿ ನಂಬಿದೀನಿ.

ನಿಮ್ಮನೆ ತೋಟದ್ದೇ ಹೇಳ್ತೀನಿ. ಅಪ್ಪ ಅಡಿಕೆಗೆ ಕೊಳೆರೋಗದ ಔಷಧಿ ಯಾವಾಗ ಹೊಡೆಸ್ತಾರೆ? ಮೈಲುತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ, ನೂರು ಲೀಟರ್ ನೀರು, ಬ್ಯಾರಲ್ಲಲ್ಲಿ ಕಲಸಿ, ಮೇ ಕೊನೆ ಜೂನ್ ಶುರುವಲ್ಲಿ, ಮಳೆ ಹಿಡಿಯೋ ಮುಂಚೆ. ಗೊನೆ ಆಗ ಹಸಿರಾಗಿ ಚೆನ್ನಾಗೇ ಇರುತ್ತೆ, ನೋಡಿದ್ರೆ ರೋಗದ ಸುಳಿವೂ ಇರಲ್ಲ. ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದ್ಸಲ. ಜುಲೈ ಜಡಿಮಳೇಲಿ ಕಾಯಿ ಉದುರಕ್ಕೆ ಶುರುವಾದ್ಮೇಲೆ ಕೊನೆಗಾರನ್ನ ಹುಡುಕ್ಕೊಂಡು ಓಡಾಡಿದ್ರೆ ಮರ ಹತ್ತಕ್ಕೂ ಆಗಲ್ಲ, ಹೊಡೆದ್ರೂ ನಿಲ್ಲಲ್ಲ. ದಿನದ ಪ್ರಾರ್ಥನೆನೂ ಹಾಗೇ, ಅವತ್ತು ಅದರಿಂದ ಎಂತ ಆಯ್ತು ಅಂತ ಕಾಣಲ್ಲ. ರೂಮಲ್ಲಿ ಕುಡಿಯೋಕೆ ಕರೆಯೋ ರಾತ್ರಿ, ಊರಿಂದ ಸಾವಿನ ಸುದ್ದಿ ಬಂದು ಟಿಕೆಟ್ಟಿಗೆ ದುಡ್ಡಿಲ್ಲದ ದಿನ, ಸಂಬಳ ತಡ ಆಗಿ ಏಜೆಂಟಿನ ಸಾಲದವರು ಮನೆ ಬಾಗಿಲಿಗೆ ಬಂದ್ರು ಅಂತ ಅಪ್ಪ ಫೋನ್ ಮಾಡಿದ ದಿನ, ಆವಾಗ ಗೊತ್ತಾಗುತ್ತೆ.

ಬೈಬಲಲ್ಲಿ ದಾನಿಯೇಲನ ಆರನೇ ಅಧ್ಯಾಯ ತೆಗೆದು ಓದು. ಅವನೂ ಪರದೇಶದಲ್ಲಿ ಕೆಲಸಕ್ಕಿದ್ದವನೇ, ಅದೂ ಸೆರೆಯಾಗಿ ಹೋದವನು. ಮೂವತ್ತು ದಿನ ರಾಜನಿಗೆ ಬಿಟ್ಟು ಬೇರೆ ಯಾರಿಗೂ ಬಿನ್ನಹ ಮಾಡೋ ಹಾಗಿಲ್ಲ, ಮಾಡಿದ್ರೆ ಸಿಂಹದ ಗವಿಗೆ ಹಾಕೋದು ಅಂತ ಆಜ್ಞೆ ಆಯ್ತು. ಅವನು ಮನೆಗೆ ಹೋಗಿ ಜೆರುಸಲೇಮಿನ ಕಡೆ ತೆರೆದಿದ್ದ ಕಿಟಕಿ ಹತ್ರ ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥನೆ ಮಾಡ್ದ, ಮುಂಚಿನಿಂದ ಮಾಡ್ತಿದ್ದ ಹಾಗೇ. ಆ ಮುಂಚಿನಿಂದ ಮಾಡ್ತಿದ್ದ ಹಾಗೇ ಅನ್ನೋದನ್ನ ಗಮನಿಸು. ಸಿಂಹದ ಗವಿ ಕಂಡ ಮೇಲೆ ಹೊಸದಾಗಿ ಶುರು ಮಾಡಿದ್ದಲ್ಲ.

ಹೆಂಗೆ ಮಾಡೋದು ಅಂತ ಕೇಳ್ತೀಯ. ಇಡೀ ಜಪಸರ ಮಾಡ್ಲೇಬೇಕು ಅಂತ ಹೊರೆ ಹೊತ್ಕೊಂಡು ಮೂರು ದಿನಕ್ಕೆ ಬಿಡ್ಬೇಡ. ಒಂದು ರಹಸ್ಯ, ಹತ್ತು ಮಣಿ, ಅಷ್ಟೇ ಸಾಕು. ಬೆಳಗಿನ ಜಾವ ಬಾಂಗ್ ಕೂಗುತ್ತಲ್ಲ, ರೂಮಲ್ಲಿ ಬಾಂಗ್ಲಾದೇಶದ ಹುಡುಗ್ರು ನಮಾಜಿಗೆ ಏಳ್ತಾರೆ, ನೀನೂ ಅದೇ ಹೊತ್ತಿಗೆ ಎದ್ದು ಮಂಚದ ಮೇಲೇ ಕೂತು ಶಿಲುಬೆ ಗುರುತು ಹಾಕಿ ಹತ್ತು ಮಣಿ ಮುಗಿಸು. ನಮ್ಮ ಕ್ಯಾಂಪುಗಳಲ್ಲಿ ಹೀಗೆ ಮಾಡೋರು ಎಷ್ಟೋ ಜನ ಇದಾರೆ. ರಾತ್ರಿ ಮಲಗೋ ಮುಂಚೆ ಮೊಬೈಲ್ ಕೈಗೆತ್ಕೊಳ್ಳೋದಕ್ಕಿಂತ ಮೊದಲು ಅವತ್ತಿನ ದಿನ ನೆನೆಸ್ಕೊಂಡು ಒಂದಕ್ಕೆ ಸ್ತೋತ್ರ ಹೇಳು, ಒಂದಕ್ಕೆ ಕ್ಷಮೆ ಕೇಳು. ಮೊಬೈಲ್ ತೆಗೆದ್ಮೇಲೆ ಆಗಲ್ಲ, ನಿದ್ದೆ ಬರೋತನಕ ವಿಡಿಯೋನೇ.

ರೂಮಿನವರ ಮುಂದೆ ನಾಚ್ಕೆ ಬೇಡ, ವಾದಾನೂ ಬೇಡ. ಇಲ್ಲಿ ಬೇರೆಯವರಿಗೆ ಮತಪ್ರಚಾರ ಮಾಡೋದು ಕಾನೂನು ಪ್ರಕಾರ ಅಪರಾಧ, ಅದನ್ನ ಗಟ್ಟಿಯಾಗಿ ನೆನಪಿಟ್ಕೋ. ನೀನು ಟೈಮ್‌ಶೀಟಲ್ಲಿ ಸುಳ್ಳು ಬರೆಯಲ್ಲ, ಹುಷಾರಿಲ್ಲದವನಿಗೆ ಗಂಜಿ ಕಾಯಿಸಿ ಕೊಡ್ತೀಯ, ಬೇರೆಯವರ ಊಟದ ಡಬ್ಬಿ ಮುಟ್ಟಲ್ಲ, ಬೈದ್ರೆ ತಿರುಗಿ ಬೈಯಲ್ಲ, ನೀನು ಯಾರ ಶಿಷ್ಯ ಅನ್ನೋದು ಅದರಲ್ಲೇ ಅವರಿಗೆ ಗೊತ್ತಾಗ್ಲಿ.

ಇನ್ನೊಂದು, ಒಬ್ನೇ ಇರ್ಬೇಡ. ಜಪಾನಿನ ನಾಗಸಾಕಿ ಕಡೆಯ ಕ್ರೈಸ್ತರ ಕತೆ ಕೇಳಿದೀಯಾ? 1614ರಲ್ಲಿ ಅಲ್ಲಿ ಕ್ರೈಸ್ತ ಧರ್ಮ ನಿಷೇಧ ಮಾಡಿ ಗುರುಗಳನ್ನ ದೇಶ ಬಿಟ್ಟು ಓಡ್ಸಿದ್ರು, ಅಡಗಿಕೊಂಡು ಉಳಿದವರನ್ನ ಹಿಡಿದು ಕೊಂದ್ರು. ಆಮೇಲೆ ಇನ್ನೂರು ವರ್ಷಕ್ಕೂ ಜಾಸ್ತಿ ಪೂಜೆ ಇಲ್ಲ, ಗುರುಗಳ ಹತ್ರ ಪಾಪ ಹೇಳ್ಕೊಳ್ಳೋ ಪಾಪನಿವೇದನೆ ಇಲ್ಲ, ಪರಮಪ್ರಸಾದ ಇಲ್ಲ. ಹಳ್ಳಿ ಜನನೇ ತಮ್ಮೊಳಗೆ ಒಬ್ಬನಿಗೆ ಮಕ್ಕಳಿಗೆ ಜ್ಞಾನಸ್ನಾನ ಕೊಡೋ ಕೆಲ್ಸ, ಇನ್ನೊಬ್ಬನಿಗೆ ಹಬ್ಬದ ದಿನ ಲೆಕ್ಕ ಇಡೋ ಕೆಲ್ಸ ಅಂತ ಹಂಚ್ಕೊಂಡ್ರು, ಬಾಯಿಂದ ಬಾಯಿಗೆ ಪ್ರಾರ್ಥನೆ ಕಲಿಸಿದ್ರು. 1865ರ ಮಾರ್ಚ್ 17ಕ್ಕೆ, ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ್ದ ಚರ್ಚಿಗೆ ಉರಾಕಾಮಿ ಅನ್ನೋ ಹಳ್ಳಿಯಿಂದ ಒಂದಷ್ಟು ಜನ ಬಂದು, ಅದರಲ್ಲೊಬ್ಬ ಹೆಂಗಸು ಫ್ರೆಂಚ್ ಫಾದರ್ ಪೆತಿಜಾನ್ ಹತ್ರ ಹೋಗಿ ನಮ್ಮ ಮನಸ್ಸೂ ನಿಮ್ಮ ಮನಸ್ಸೂ ಒಂದೇ ಅಂತ ಪಿಸುಗುಟ್ಟಿ, ಮರಿಯಮ್ಮನವರ ಸ್ವರೂಪ ಎಲ್ಲಿದೆ ಅಂತ ಕೇಳಿದ್ಲು. ಒಬ್ಬೊಬ್ರೇ ಇದ್ದಿದ್ರೆ ಅಷ್ಟು ತಲೆಮಾರು ಉಳೀತಿರ್ಲಿಲ್ಲ, ಕೆಲ್ಸ ಹಂಚ್ಕೊಂಡಿದ್ದಕ್ಕೇ ಉಳೀತು. ನಿನ್ನ ಕ್ಯಾಂಪಲ್ಲಿ ಕ್ರೈಸ್ತರು ಇನ್ನೊಬ್ರಾದ್ರೂ ಇದ್ದೇ ಇರ್ತಾರೆ, ತಮಿಳಿನವನೋ ಗೋವಾದವನೋ, ಹುಡುಕು. ಶುಕ್ರವಾರ ಒಬ್ರನ್ನೊಬ್ರು ಎಬ್ಬಿಸಿ, ಟ್ಯಾಕ್ಸಿ ದುಡ್ಡು ಹಂಚ್ಕೊಳ್ಳಿ. ಚರ್ಚಲ್ಲಿ ಏನಾದ್ರೂ ಕೆಲ್ಸ ಕೇಳಿ ತಗೋ, ಕುರ್ಚಿ ಜೋಡಿಸೋದಾದ್ರೂ ಸರಿ, ನಿನಗೋಸ್ಕರ ಕಾಯೋರು ಇದಾರೆ ಅಂದ್ರೆ ಕಾಲು ತಾನಾಗೇ ಎದ್ದು ಬರುತ್ತೆ. ಒಂದು ಎಚ್ಚರಿಕೆ, ನಿನ್ನ ನಂಬಿಕೆ ಕಮ್ಮಿ ಇರೋದಕ್ಕೇ ಸಂಬಳ ಜಾಸ್ತಿ ಆಗಿಲ್ಲ, ಕಾಣಿಕೆ ಕೊಟ್ರೆ ಪ್ರಮೋಷನ್ ಬರುತ್ತೆ ಅನ್ನೋ ಪ್ರಾರ್ಥನಾ ಕೂಟ ಸಿಕ್ಕಿದ್ರೆ ಅಲ್ಲಿಂದ ಎದ್ದು ಬಂದ್ಬಿಡು. ಯೇಸುಸ್ವಾಮಿ ನಮಗೆ ಶಿಲುಬೆ ಹೊತ್ತು ಹಿಂದೆ ಬನ್ನಿ ಅಂದಿದ್ದು.

ಬೀಳ್ತೀಯ. ಎಲ್ರೂ ಬೀಳ್ತಾರೆ. ಬಿದ್ದ ಮೇಲೆ ಇಂಥವನು ಯಾವ ಮುಖ ಇಟ್ಕೊಂಡು ಚರ್ಚಿಗೆ ಹೋಗೋದು ಅಂತ ತಿಂಗಳುಗಟ್ಲೆ ದೂರ ಇರ್ತೀವಲ್ಲ, ಬಿದ್ದಿದ್ದಕ್ಕಿಂತ ಅದೇ ಹೆಚ್ಚು ಹಾಳು ಮಾಡೋದು. ಬೇಗ ಪಾಪನಿವೇದನೆಗೆ ಹೋಗು. ಇಂಗ್ಲಿಷ್ ಸರಿ ಬರಲ್ಲ ಅಂತ ನಿಲ್ಬೇಡ, ಹರಕು ಮುರುಕು ಭಾಷೇಲಿ ಹೇಳಿದ್ರೂ ಪಾಪ ಕ್ಷಮೆ ಪೂರ್ತಿನೇ ಸಿಗೋದು. ಶಿಷ್ಯ ಪೇತ್ರ ಯೇಸುವನ್ನೇ ಮೂರು ಸಲ ಗೊತ್ತಿಲ್ಲ ಅಂದ, ಅತ್ತ, ವಾಪಸ್ ಬಂದ, ಅವನ ಕೈಗೇ ಪ್ರಭು ಕುರಿಗಳನ್ನ ಕೊಟ್ಟ.

ಅಮ್ಮನಿಗೆ ಸುಳ್ಳು ಹೇಳ್ಬೇಡ. ಈ ವಾರ ಡ್ಯೂಟಿ ಇತ್ತಮ್ಮ ಹೋಗಕ್ಕಾಗಿಲ್ಲ, ಮನಸ್ಸಿಗೂ ಸ್ವಲ್ಪ ಕಷ್ಟ ಆಗ್ತಿದೆ, ನನಗೋಸ್ಕರ ಪ್ರಾರ್ಥನೆ ಮಾಡಿ ಅಂತ ಹೇಳು. ಅವರು ಗಾಬರಿ ಆಗಲ್ಲ, ನೀನು ಅಂದ್ಕೊಂಡಿರೋದಕ್ಕಿಂತ ಗಟ್ಟಿ ಅವರು. ಊರಲ್ಲಿ ಜಪಸರ ಶುರುವಾಗೋದು ಏಳು ಗಂಟೆಗೆ ಅಂದ್ರೆ ಇಲ್ಲಿ ನಾಲ್ಕೂವರೆ, ರಜೆ ಇರೋ ದಿನ ಆ ಹೊತ್ತಿಗೆ ವಾಟ್ಸಾಪಲ್ಲಿ ಕಾಲ್ ಹಾಕು, ಕನೆಕ್ಟ್ ಆದ್ರೆ ಸ್ಪೀಕರಲ್ಲಿಟ್ಟು ಅವರ ಜೊತೆಗೇ ಹೇಳು.

ಈ ಶುಕ್ರವಾರ ಡ್ಯೂಟಿ ಇಲ್ಲ ಅಂದ್ರೆ ಬೆಳಿಗ್ಗೆ ಇಂಗ್ಲಿಷ್ ಪೂಜೆಗೆ ಬಾ, ನಾನು ಗೇಟ್ ಒಳಗೆ ಚೆಕಿಂಗ್ ದಾಟಿದ ಕೂಡ್ಲೇ ಸಿಗ್ತೀನಿ. ಐಡಿ ಕಾರ್ಡ್ ಮರೀಬೇಡ, ದೊಡ್ಡ ಬ್ಯಾಗ್ ತರ್ಬೇಡ. ಬಸ್ಸು ಸಿಗ್ಲಿಲ್ಲ ಅಂದ್ರೆ ಹಿಂದಿನ ದಿನವೇ ಮೆಸೇಜ್ ಮಾಡು, ನಮ್ಮ ಗಾಡೀಲಿ ಒಂದು ಸೀಟಿದೆ, ಕ್ಯಾಂಪ್ ಹತ್ರನೇ ಬಂದು ಕರ್ಕೊಂಡು ಹೋಗ್ತೀವಿ.