ನೂರು ಮೀಟರ್ ಓಟ, ನೂರು ಮೀಟರ್ ಈಜು: ಕಷ್ಟ ಯಾರದ್ದು ಜಾಸ್ತಿ?

ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮಗೆ ಇಬ್ಬರು ಮಕ್ಕಳು, ಇಬ್ಬರಿಗೂ ಆಟದ ಹುಚ್ಚು. ಮಗ ಮೊದಲ ಪಿಯುಸಿ. 100 ಮೀಟರ್ ಓಟವನ್ನು 11.9 ಸೆಕೆಂಡಿಗೆ ಮುಗಿಸುತ್ತಾನೆ. ಮಗಳು ಒಂಬತ್ತನೇ ಕ್ಲಾಸು, 100 ಮೀಟರ್ ಫ್ರೀಸ್ಟೈಲ್ ಈಜಿಗೆ 1 ನಿಮಿಷ 12 ಸೆಕೆಂಡ್ ತಗೊಳ್ಳುತ್ತಾಳೆ. ಅವಳು ಬೆಳಗಿನ ಜಾವ ನಾಲ್ಕೂವರೆಗೆ ಏಳುತ್ತಾಳೆ, ಎರಡು ಗಂಟೆ ನೀರಲ್ಲೇ ಇರುತ್ತಾಳೆ. ಅವನು ಸಂಜೆ ಸ್ಟೇಡಿಯಂಗೆ ಹೋಗಿ ಬರುತ್ತಾನೆ ಅಷ್ಟೆ. ಇದೇ ಈಗ ಮನೆಯಲ್ಲಿ ದಿನದ ಜಗಳ. "ನೀನು ಓಡೋದು ಒಂದು ನಿಮಿಷ, ಮಿಕ್ಕಿದ್ದೆಲ್ಲ ಕೂತಿರ್ತೀಯ" ಅಂತ ಅವಳು. "ನಿನ್ನನ್ನ ನೀರೇ ಎತ್ತಿ ಹಿಡಿಯುತ್ತೆ, ನಿನ್ನದೇನು ಮಹಾ" ಅಂತ ಅವನು. ಅವರಪ್ಪ ಮಗಳ ಕಡೆ, ಮಗ ಸೋಮಾರಿ ಅಂತಾರೆ. ನಿಜಕ್ಕೂ ಯಾವುದು ಕಷ್ಟ? ಇಬ್ಬರಿಗೂ ಒಂದೇ ಊಟ ಸಾಕಾಗುತ್ತಾ?
— ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಿಮ್ಮ ಮಗಳ ಲೆಕ್ಕ ಸರಿಯಾಗಿಯೇ ಇದೆ. ಒಳ್ಳೆಯ ಓಟಗಾರನೂ ಒಂದು ಸಂಜೆಯಲ್ಲಿ ಪೂರ್ತಿ ವೇಗದಲ್ಲಿ ಓಡುವುದನ್ನೆಲ್ಲ ಕೂಡಿದರೆ ಒಂದು ನಿಮಿಷದ ಆಚೀಚೆ ಬರುತ್ತದೆ. ಆದರೆ ಅದಕ್ಕೆ ಸೋಮಾರಿತನ ಅನ್ನುವುದು ಅನ್ಯಾಯ. ಅವರಪ್ಪನಿಗೆ ಈ ಉತ್ತರವನ್ನು ಓದಿ ಹೇಳಿ.

ಮೊದಲು ಮೀಟರ್ ಲೆಕ್ಕ ಬಿಡಿ. ಎರಡೂ "ನೂರು ಮೀಟರ್" ಅನ್ನುವುದೇ ನಿಮ್ಮ ಮನೆಯ ಜಗಳದ ಮೂಲ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರ್ ಓಡಿದ್ದು 9.58 ಸೆಕೆಂಡಿನಲ್ಲಿ. ಚೀನಾದ ಪಾನ್ ಜಾನ್ಲೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಫ್ರೀಸ್ಟೈಲ್ ಈಜಿದ್ದು 46.40 ಸೆಕೆಂಡಿನಲ್ಲಿ. ಹೆಚ್ಚುಕಮ್ಮಿ ಐದು ಪಟ್ಟು ವ್ಯತ್ಯಾಸ. ಈಗ ಇನ್ನೊಂದು ದಾಖಲೆ ನೋಡಿ: ವೇಡ್ ವಾನ್ ನೀಕರ್ಕ್ 2016ರ ರಿಯೋದಲ್ಲಿ 400 ಮೀಟರ್ ಓಡಿದ್ದು 43.03 ಸೆಕೆಂಡಿನಲ್ಲಿ. ಅಂದರೆ ನಿಮ್ಮ ಮಗಳ ಸ್ಪರ್ಧೆಗೆ ಜೋಡಿ ಅಣ್ಣನ 100 ಮೀಟರ್ ಅಲ್ಲ, 400 ಮೀಟರ್. ದೇಹಕ್ಕೆ ದೂರ ಗೊತ್ತಾಗುವುದಿಲ್ಲ, ಎಷ್ಟು ಹೊತ್ತು ದುಡಿದೆ ಅನ್ನುವುದು ಗೊತ್ತಾಗುತ್ತದೆ.

ಗಡಿಯಾರ ಒಂದನ್ನೇ ನೋಡಿದರೂ ಎಡವಟ್ಟಾಗುತ್ತದೆ. 2020ರಲ್ಲಿ ಕಂಬಳದ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ಏನಾಯಿತು, ನೆನಪಿದೆ ಅಲ್ವಾ? ಯಾರೋ ಭಾಗಾಕಾರ ಮಾಡಿ 100 ಮೀಟರಿಗೆ 9.55 ಅಂದರು, ದೇಶವೆಲ್ಲ ಬೋಲ್ಟ್ ಜೊತೆ ಹೋಲಿಸಿತು. ಮುಂದೆ ಎಳೆಯುವ ಕೋಣಗಳನ್ನು ಲೆಕ್ಕಕ್ಕೆ ಹಿಡಿದವರು ಕಡಿಮೆ. ಅವರ ಸಾಧನೆ ದೊಡ್ಡದೇ. ಆದರೆ ಅದು ಕಂಬಳದ ಸಾಧನೆ.

ಈಗ ಮಗನ ಓಟಕ್ಕೆ ಬರೋಣ. ಒಂದು ಸಂಜೆ ಸ್ಟೇಡಿಯಂಗೆ ಹೋಗಿ ಅವನ ಪಾದವನ್ನಷ್ಟೇ ನೋಡಿ. ಪೂರ್ತಿ ವೇಗದಲ್ಲಿದ್ದಾಗ ಪಾದ ನೆಲಕ್ಕೆ ತಾಗಿರುವುದು ಸುಮಾರು 0.1 ಸೆಕೆಂಡ್, ಕಣ್ಣು ಮಿಟುಕಿಸುವಷ್ಟು ಹೊತ್ತೂ ಅಲ್ಲ. ಅಷ್ಟರಲ್ಲಿ ಮೈತೂಕದ ನಾಲ್ಕು ಪಟ್ಟಿನಷ್ಟು ಒತ್ತಡವನ್ನು ಒಂದೇ ಕಾಲು ತಡೆದುಕೊಂಡು, ಅಷ್ಟೇ ಜೋರಾಗಿ ನೆಲವನ್ನು ತಳ್ಳಬೇಕು. ಬಲ ಇದ್ದರೆ ಸಾಲದು, ಆ ಬಲ ಅಷ್ಟು ಬೇಗ ಹೊರಗೆ ಬರಬೇಕು. ಬೋಲ್ಟ್ ಬರ್ಲಿನ್‌ನಲ್ಲಿ ಇಟ್ಟಿದ್ದು ಬರೀ 41 ಹೆಜ್ಜೆ. ಒಂದು ಹೆಜ್ಜೆ ಕೆಟ್ಟರೆ ಸರಿಮಾಡಿಕೊಳ್ಳಲು ಸಮಯವೇ ಇರುವುದಿಲ್ಲ.

ಈ ಕೆಲಸಕ್ಕೆ ಬೇಕಾದ ಇಂಧನ ಸ್ನಾಯುವಿನಲ್ಲೇ ಇರುತ್ತದೆ, ಆದರೆ ಇರುವುದು ಹತ್ತು ಸೆಕೆಂಡಿಗೆ ಸಾಕಾಗುವಷ್ಟೇ. ಅದು ಮತ್ತೆ ತುಂಬಿಕೊಳ್ಳಲು ನಿಮಿಷಗಳು ಬೇಕು. ಅದಕ್ಕೇ ಕೋಚ್‌ಗಳು 60 ಮೀಟರ್ ಪೂರ್ತಿ ವೇಗದಲ್ಲಿ ಓಡಿಸಿದ ಮೇಲೆ ಐದಾರು ನಿಮಿಷ ಸುಮ್ನೆ ಓಡಾಡಿಸುತ್ತಾರೆ. ನೋಡುವವರಿಗೆ ಹುಡುಗ ಹರಟೆ ಹೊಡೆಯುತ್ತಿದ್ದಾನೆ ಅನ್ನಿಸುತ್ತದೆ. ಆ ಬಿಡುವು ಕತ್ತರಿಸಿ ಹತ್ತು ಸಲ ಓಡಿಸಿದರೆ ಅವನು ವೇಗ ಕಲಿಯುವುದಿಲ್ಲ, ಸುಸ್ತಿನಲ್ಲಿ ನಿಧಾನವಾಗಿ ಓಡುವುದನ್ನು ಕಲಿಯುತ್ತಾನೆ. ನಮ್ಮ ಕಡೆ ಎಷ್ಟೋ ಪಿಟಿ ಮೇಷ್ಟ್ರುಗಳು ಇನ್ನೂ 100 ಮೀಟರ್ ಹುಡುಗರನ್ನು ಗ್ರೌಂಡ್ ಸುತ್ತ ಹತ್ತು ರೌಂಡ್ ಹೊಡೆಸುತ್ತಾರೆ. ದಯವಿಟ್ಟು ಬಿಡಿ ಅದನ್ನ.

ಮಗಳ ಕಥೆ ಪೂರ್ತಿ ಉಲ್ಟಾ. ಓಟಗಾರ ಸೊನ್ನೆಯಿಂದ ಶುರು ಮಾಡಿ 50-60 ಮೀಟರ್‌ವರೆಗೂ ವೇಗ ಏರಿಸುತ್ತಾ ಹೋಗುತ್ತಾನೆ. ಈಜುಗಾರ್ತಿ ಅತಿ ವೇಗದಲ್ಲಿರುವುದು ಡೈವ್ ಹೊಡೆದು ನೀರಿಗೆ ಬೀಳುವ ಆ ಕ್ಷಣದಲ್ಲಿ. ಅಲ್ಲಿಂದ ಮುಂದೆ ಅವಳ ಕೆಲಸವೆಲ್ಲ ಇರುವ ವೇಗವನ್ನು ಕಳೆದುಕೊಳ್ಳದೆ ಇರುವುದು. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ. ಜೊತೆಗೆ ಒಂದು ಕಹಿ ಲೆಕ್ಕ ಇದೆ: ವೇಗವನ್ನು ನೂರಕ್ಕೆ ಹತ್ತು ಭಾಗ ಏರಿಸಬೇಕು ಅಂದರೆ ಶಕ್ತಿಯನ್ನು ಹೆಚ್ಚುಕಮ್ಮಿ ನೂರಕ್ಕೆ 33 ಭಾಗ ಜಾಸ್ತಿ ಹಾಕಬೇಕು. ವಿಶ್ವದಾಖಲೆ ಮಾಡಿದ ಪಾನ್ ಅವರ ಸರಾಸರಿ ವೇಗವೇ ಗಂಟೆಗೆ 8 ಕಿಲೋಮೀಟರ್ ಮುಟ್ಟುವುದಿಲ್ಲ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಮೆಲ್ಲಗೆ ಜಾಗ್ ಮಾಡುವವರ ವೇಗ ಅದು!

ಹಾಗಾಗಿ ಈಜಿನಲ್ಲಿ ಮೈಬಲ ಏರಿಸುವುದಕ್ಕಿಂತ ನೀರಿನ ತಡೆ ತಗ್ಗಿಸುವುದರಲ್ಲಿ ಲಾಭ ಜಾಸ್ತಿ. ತಲೆ ಒಂದಿಷ್ಟು ಮೇಲೆತ್ತಿದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಕಾಲು ಇಳಿದರೆ ಇಡೀ ಮೈ ನೀರಿಗೆ ಅಡ್ಡ ಬರುತ್ತದೆ. ಸ್ಪರ್ಧೆಯ ಕೊನೆಯ 15 ಮೀಟರ್‌ನಲ್ಲಿ ಕೊಳದ ಅಂಚಿಗೆ ನಿಂತು ಮಗಳ ಮೊಣಕೈ ನೋಡಿ. ಚೆನ್ನಾಗಿರುವಾಗ ಮೊಣಕೈ ಮೇಲೆ ಇದ್ದು, ಬೆರಳು ತಳದ ಕಡೆ ತಿರುಗಿ, ಅಂಗೈ ಮತ್ತು ಮುಂಗೈ ಎರಡೂ ಸೇರಿ ನೀರನ್ನು ಹಿಂದಕ್ಕೆ ತಳ್ಳುತ್ತಿರುತ್ತವೆ. ಸುಸ್ತಾದ ತಕ್ಷಣ ಮೊಣಕೈ ಜಾರುತ್ತದೆ. ಕೈ ಅಷ್ಟೇ ಬೇಗ ತಿರುಗುತ್ತಿರುತ್ತದೆ, ಆದರೆ ನೀರನ್ನು ಸೀಳಿಕೊಂಡು ಸುಮ್ನೆ ಹೋಗುತ್ತದೆ. ದಂಡೆ ಮೇಲೆ ನಿಂತವರು "ಇನ್ನೂ ಜೋರು, ಇನ್ನೂ ಜೋರು" ಅಂತ ಕೂಗುತ್ತಾರೆ. ಪಾಪ, ಅವಳು ಜೋರಾಗಿಯೇ ಹೊಡೆಯುತ್ತಿರುತ್ತಾಳೆ.

ಇದರ ಮೇಲೆ ಉಸಿರು. ನಿಮ್ಮ ಮಗನ ಹನ್ನೆರಡು ಸೆಕೆಂಡಿನ ಓಟದಲ್ಲಿ ಉಸಿರಾಟದ ಪಾತ್ರ ತೀರಾ ಕಡಿಮೆ. ಒಂದು ನಿಮಿಷದ ಕೆಲಸಕ್ಕೆ ಹತ್ತಿರ ಹತ್ತಿರ ಅರ್ಧದಷ್ಟು ಶಕ್ತಿ ಆಮ್ಲಜನಕದಿಂದಲೇ ಬರಬೇಕು. ಆದರೆ ಮಗಳ ಮುಖ ನೀರೊಳಗೆ ಇರುತ್ತದೆ. ಉಸಿರು ಬೇಕಾದಾಗ ಸಿಗುವುದಿಲ್ಲ, ಕೈ ತಿರುಗುವ ಲಯಕ್ಕೆ ಸರಿಯಾಗಿ ಸಿಗುತ್ತದೆ. ಪ್ರತಿ ಸಲ ತಲೆ ತಿರುಗಿಸಿದಾಗಲೂ ಒಂದಿಷ್ಟು ವೇಗ ಹೋಗುತ್ತದೆ. ಹಾಗಾಗಿ "ನೀರೇ ಎತ್ತಿ ಹಿಡಿಯುತ್ತೆ" ಅನ್ನುವ ಅಣ್ಣನಿಗೆ ಒಂದು ಸಲ 400 ಮೀಟರ್ ಓಡಲು ಹೇಳಿ, ಅದೂ ನಾಲ್ಕು ಹೆಜ್ಜೆಗೊಮ್ಮೆ ಮಾತ್ರ ಉಸಿರೆಳೆದುಕೊಂಡು. ಕೊನೆಯ ತಿರುವು ಬರುವಷ್ಟರಲ್ಲಿ ತಂಗಿ ಮೇಲೆ ಗೌರವ ಬಂದಿರುತ್ತದೆ.

ಅಣ್ಣನ ಮಾತಿನಲ್ಲಿ ಒಂದು ಸತ್ಯವೂ ಇದೆ. ನೀರು ಎತ್ತಿ ಹಿಡಿಯುವುದರಿಂದಲೇ ಅವಳ ಕೀಲುಗಳಿಗೆ ಪೆಟ್ಟು ಬೀಳುವುದಿಲ್ಲ, ಹಾಗಾಗಿಯೇ ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡಲು ಆಗುತ್ತದೆ. ಮೈಕಲ್ ಫೆಲ್ಪ್ಸ್ 2008ರ ಬೀಜಿಂಗ್‌ನಲ್ಲಿ ಹೀಟ್ಸ್, ಸೆಮಿಫೈನಲ್, ಫೈನಲ್ ಎಲ್ಲ ಸೇರಿ 17 ಸಲ ನೀರಿಗಿಳಿದು 8 ಚಿನ್ನ ಗೆದ್ದರು. ಓಟಗಾರನ ಕಾಲಿಗೆ ಅಷ್ಟು ಸಲ ಪೂರ್ತಿ ವೇಗದ ಓಟ ಕೊಟ್ಟರೆ ತೊಡೆ ಹಿಂದಿನ ಸ್ನಾಯು ಅರ್ಧಕ್ಕೇ ಕೈಕೊಡುತ್ತದೆ.

ಹಾಗಂತ ನೀರಿನಲ್ಲಿ ನೋವೇ ಇಲ್ಲ ಅಂತಲ್ಲ. 50 ಮೀಟರ್ ಕೊಳದಲ್ಲಿ 5 ಕಿಲೋಮೀಟರ್ ಅಂದರೆ ನೂರು ಲ್ಯಾಪ್. ಲ್ಯಾಪಿಗೆ ಒಂದು ಕೈ 20 ಸಲ ತಿರುಗಿತು ಅಂದುಕೊಂಡರೂ ಒಂದೊಂದು ಭುಜಕ್ಕೆ 2,000 ಸಲ ಆಯಿತು. ತಲೆ ಬಾಚಿಕೊಳ್ಳುವಾಗ, ಚೀಲ ಹೆಗಲಿಗೆ ಹಾಕಿಕೊಳ್ಳುವಾಗ ಭುಜ ಚುಚ್ಚುತ್ತದೆ ಅಂದರೆ ತಕ್ಷಣ ಅಭ್ಯಾಸ ತಗ್ಗಿಸಿ, ವೈದ್ಯರಿಗೆ ತೋರಿಸಿ. ಮಗ ಓಡುತ್ತಾ ಓಡುತ್ತಾ ತೊಡೆ ಹಿಂದೆ ಕೈ ಇಟ್ಟುಕೊಂಡು ನಿಂತರೆ ಆ ದಿನದ ಓಟ ಮುಗಿಯಿತು. ಎಣ್ಣೆ ಹಚ್ಚಿ ತಿಕ್ಕಿ ಮತ್ತೆ ಓಡಿಸಬೇಡಿ.

ಊಟದ ವಿಷಯ. ಒಂದೇ ಅಡುಗೆ ಸಾಕು, ಅಳತೆ ಮತ್ತು ಹೊತ್ತು ಬೇರೆ. ಮಗಳಿಗೆ ಅನ್ನ, ರೊಟ್ಟಿ, ಮುದ್ದೆ ಜಾಸ್ತಿ ಬೇಕು, ಏಕೆಂದರೆ ಅವಳು ಖರ್ಚು ಮಾಡುವುದು ಜಾಸ್ತಿ. ತಣ್ಣನೆಯ ನೀರಿನಿಂದ ಎದ್ದು ಬಂದವರಿಗೆ ಹಸಿವೂ ಜೋರು. ಬೈಯಬೇಡಿ, ಬಡಿಸಿ. ಜಾವದಲ್ಲಿ ಖಾಲಿ ಹೊಟ್ಟೆಯಲ್ಲಿ ಕಳಿಸದೆ ಒಂದು ಬಾಳೆಹಣ್ಣಾದರೂ ಕೊಡಿ. ನೀರಲ್ಲಿದ್ದರೂ ಬೆವರು ಬರುತ್ತದೆ, ಕಾಣಿಸುವುದಿಲ್ಲ ಅಷ್ಟೆ. ಕೊಳದ ಪಕ್ಕ ಕುಡಿಯುವ ನೀರಿನ ಬಾಟಲಿ ಇರಲಿ. ಮಗನಿಗೆ ಹೊಟ್ಟೆ ಭಾರ ಆಗದ ಹಾಗೆ ಅಭ್ಯಾಸಕ್ಕೆ ಎರಡು ಗಂಟೆ ಮೊದಲೇ ತಿಂಡಿ ಮುಗಿಯಬೇಕು. ಮೊಟ್ಟೆ, ಕಾಳು, ಮೊಸರು, ಶೇಂಗಾ ಇಬ್ಬರಿಗೂ ಬೇಕು. ಬೆಣ್ಣೆ ದೋಸೆ ಬಿಡಿ ಅಂತ ದಾವಣಗೆರೆಯವರಿಗೆ ಹೇಳುವ ಧೈರ್ಯ ನನಗಿಲ್ಲ. ಅಭ್ಯಾಸಕ್ಕೆ ಮೊದಲು ಬೇಡ, ಬೆಣ್ಣೆ ಕರಗಲು ಹೊತ್ತು ಹಿಡಿಯುತ್ತದೆ. ಭಾನುವಾರ ಆರಾಮಾಗಿ ತಿನ್ನಲಿ.

ಇನ್ನೊಂದು ಮಾತು. ಇಬ್ಬರೂ ಕೈಗೆ ವಾಚ್ ಕಟ್ಟಿಕೊಂಡು "ನನ್ನ ಎದೆಬಡಿತ ಜಾಸ್ತಿ ಏರಿತ್ತು" ಅಂತ ಜಗಳ ಶುರು ಮಾಡಿದರೆ ಒಪ್ಪಬೇಡಿ. ನೀರಲ್ಲಿ ಮಲಗಿದ ಹಾಗೆ ಇರುವುದರಿಂದ, ನೀರಿನ ಒತ್ತಡ ಮತ್ತು ತಂಪಿನಿಂದ, ಅಷ್ಟೇ ದಣಿದರೂ ಬಡಿತ ನಿಮಿಷಕ್ಕೆ ಹತ್ತರಷ್ಟು ಕಡಿಮೆ ತೋರಿಸುತ್ತದೆ.

ಯಾವುದು ಕಷ್ಟ ಅಂತ ನೇರವಾಗಿ ಕೇಳಿದ್ದೀರಿ, ನೇರವಾಗಿ ಹೇಳುತ್ತೇನೆ. ದಿನದ ದುಡಿಮೆಯಲ್ಲಿ ಈಜು ಕಷ್ಟ. ಮೇಲಿನ ಮಟ್ಟಕ್ಕೆ ಹೋಗುವ ವಿಷಯದಲ್ಲಿ ಓಟ ಕಷ್ಟ. ನೀರಿನ ಹಿಡಿತ ಏಳೆಂಟು ವರ್ಷದಿಂದಲೇ ಕಲಿತು ಕೂಡಿಡಬಹುದು. ವೇಗದ ಸ್ನಾಯು ಬಹುಪಾಲು ಹುಟ್ಟಿನಿಂದ ಬರುತ್ತದೆ. ಇದ್ದದ್ದನ್ನು ತಿದ್ದಬಹುದು, ಇಲ್ಲದ್ದನ್ನು ತರಲು ಆಗುವುದಿಲ್ಲ. 11.9ರಿಂದ 11.4ಕ್ಕೆ ಇಳಿಯಲು ನಿಮ್ಮ ಮಗ ಎರಡು ವರ್ಷ ತಗೊಂಡರೂ ಅದು ಒಳ್ಳೆಯ ಪ್ರಗತಿಯೇ. ಅದೇ ಮಗಳು ಟರ್ನ್ (ಕೊಳದ ಗೋಡೆ ಹತ್ತಿರ ತಿರುಗಿ ಒದ್ದು ಬರುವುದು) ಸರಿಮಾಡಿಕೊಂಡರೆ ಒಂದೇ ಸೀಸನ್‌ನಲ್ಲಿ ಎರಡು ಸೆಕೆಂಡ್ ಇಳಿಸಬಹುದು.

ಪ್ರಶ್ನೆ: ನನ್ನ ತಮ್ಮ ತುಂಗಭದ್ರಾ ಹೊಳೆಯಲ್ಲಿ ಈಜಿ ಬೆಳೆದವನು. ಊರಲ್ಲಿ ಅವನನ್ನು ಮೀರಿಸುವವರಿಲ್ಲ. ಕೊಳದ ಸ್ಪರ್ಧೆಗೆ ಹೋದರೆ ಅವನಿಗಿಂತ ಚಿಕ್ಕ ಹುಡುಗರೂ ಮುಂದೆ ಹೋಗುತ್ತಾರೆ. ಯಾಕೆ?
— ಹರಿಹರದ ಓದುಗ

ಉತ್ತರ: ಹೊಳೆಯಲ್ಲಿ ತಲೆ ಎತ್ತಿ ಈಜಬೇಕು. ದಡ ಎಲ್ಲಿದೆ, ಸೆಳೆತ ಎತ್ತ ಎಳೆಯುತ್ತಿದೆ ಅಂತ ನೋಡಬೇಕು. ಜೀವ ಉಳಿಸುವ ಈಜು ಅದು. ಕೊಳದಲ್ಲಿ ಅದೇ ಅಭ್ಯಾಸ ಕಾಲೆಳೆಯುತ್ತದೆ. ಅವನು ಮುಖ ನೀರಲ್ಲಿಟ್ಟು, ನೀರೊಳಗೇ ಉಸಿರು ಬಿಡುವುದನ್ನು ಮೊದಲು ಕಲಿಯಲಿ. ಆಮೇಲೆ ಗೋಡೆ. 25 ಮೀಟರ್ ಕೊಳದಲ್ಲಿ 100 ಮೀಟರಿಗೆ ಮೂರು ಟರ್ನ್ ಬರುತ್ತವೆ. ಗೋಡೆಯನ್ನು ಒದ್ದು, ಕೈ ಎರಡೂ ಜೋಡಿಸಿ, ನೀರೊಳಗೆ ಬಾಣದ ಹಾಗೆ ಹೋಗುವಾಗ ಸಿಗುವ ವೇಗ ಮೇಲೆ ಕೈ ಬಡಿದರೆ ಸಿಗುವುದಿಲ್ಲ. ನಿಯಮದ ಪ್ರಕಾರ ಡೈವ್ ಆದ ಮೇಲೂ, ಪ್ರತಿ ಟರ್ನ್ ಆದ ಮೇಲೂ 15 ಮೀಟರ್‌ವರೆಗೆ ನೀರೊಳಗೇ ಹೋಗಬಹುದು. ಚಿಕ್ಕ ಹುಡುಗರು ಅವನನ್ನು ಹಿಂದೆ ಹಾಕುತ್ತಿರುವುದು ಅಲ್ಲೇ. ತೋಳಿನ ಬಲದಲ್ಲಿ ಅವನೇ ಮುಂದಿರಬಹುದು.

ಅಭ್ಯಾಸಕ್ಕೆ ಅಂತ ಒಬ್ಬನೇ ಹೊಳೆಗೆ ಹೋಗುವುದು ಬೇಡ. ಮರಳು ತೆಗೆದ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಭದ್ರಾ ನಾಲೆಯಂತೂ ಬೇಡವೇ ಬೇಡ. ಪಕ್ಕದ ಇಳಿಜಾರು ನುಣುಪಾಗಿರುತ್ತದೆ, ಹಿಡಿದು ಹತ್ತಲು ಏನೂ ಸಿಗುವುದಿಲ್ಲ. ಎಷ್ಟು ಚೆನ್ನಾಗಿ ಈಜಲು ಬಂದರೂ ಅಷ್ಟೇ.

ಪ್ರಶ್ನೆ: ನಾನು ಹೈಸ್ಕೂಲಿನ ದೈಹಿಕ ಶಿಕ್ಷಕ. ನನ್ನ ಓಟಗಾರರಿಗೆ ವಾರಕ್ಕೊಮ್ಮೆ ಈಜು ಮಾಡಿಸಬಹುದೇ?
— ಚಿತ್ರದುರ್ಗ

ಉತ್ತರ: ಧಾರಾಳವಾಗಿ ಮಾಡಿಸಿ ಮೇಷ್ಟ್ರೇ. ಜೋರು ಓಟದ ಮರುದಿನ ಇಪ್ಪತ್ತು ನಿಮಿಷ, ಮಾತಾಡಿಕೊಂಡು ಈಜುವಷ್ಟು ನಿಧಾನ. ಕಾಲಿನ ಬಿಗಿ ಬಿಡುತ್ತದೆ. ಹ್ಯಾಮ್‌ಸ್ಟ್ರಿಂಗ್ (ತೊಡೆ ಹಿಂದಿನ ಸ್ನಾಯು) ಹಿಡಿದುಕೊಂಡ ಹುಡುಗನಿಗೆ ವೈದ್ಯರು ಒಪ್ಪಿದ ಮೇಲೆ ಎದೆಮಟ್ಟದ ನೀರಿನಲ್ಲಿ ಓಡಿಸಬಹುದು. ಮೈಭಾರ ಬೀಳುವುದಿಲ್ಲ, ಓಟದ ಲಯ ಉಳಿಯುತ್ತದೆ. ಸ್ಪರ್ಧೆಯ ಹಿಂದಿನ ದಿನ ಮಾತ್ರ ಬೇಡ. ಮತ್ತೆ ಅಲ್ಲಿ ಯಾರೂ ರೇಸ್ ಕಟ್ಟದ ಹಾಗೆ ನೋಡಿಕೊಳ್ಳಿ. ಓಟಗಾರರನ್ನು ನೀರಿಗೆ ಬಿಟ್ಟರೆ ಐದು ನಿಮಿಷದಲ್ಲಿ ಪಂದ್ಯ ಶುರುವಾಗುತ್ತದೆ, ನಿಮ್ಮ ವಿಶ್ರಾಂತಿಯ ದಿನ ಅಲ್ಲಿಗೆ ಮುಗಿಯಿತು.